ಬರ್ನ್, ಡಾಡ್ಜ್, ಮ್ಯಾನಿಪ್ಯುಲೇಷನ್: ಕನ್ನಡದಲ್ಲಿ ಏನನ್ನೋಣ?
ಮಿತ್ರರೇ,

ತುಮಕೂರಿನ ಛಾಯಾಚಿತ್ರ ಪ್ರದರ್ಶನವೊಂದಕ್ಕೆ ಕನ್ನಡ ಟಿಪ್ಪಣಿ ಸಿದ್ಧವಾಗುತ್ತಿದೆ. ಮಧುಗಿರಿಯ ಏಕಶಿಲಾ ಬೆಟ್ಟದ ಕಪ್ಪು-ಬಿಳುಪು ಪ್ರಿಂಟ್ ಕೆಳಗೆ ‘ಆಕಾಶವನ್ನು ಸುಡಲಾಗಿದೆ, ಬಂಡೆಯನ್ನು ತಪ್ಪಿಸಲಾಗಿದೆ’ ಎಂದು ಕರಡಿನಲ್ಲಿದೆ. ಪ್ರಿಂಟ್‌ನ ಒಂದು ಭಾಗವನ್ನು ಕಪ್ಪಾಗಿಸುವ ‘ಬರ್ನ್’, ತಿಳಿಯಾಗಿಸುವ ‘ಡಾಡ್ಜ್’ ಎಂಬ ಇಂಗ್ಲಿಷ್ ಪದಗಳನ್ನು ನಿಘಂಟು ನೋಡಿ ಇಳಿಸಿದ್ದು. ಓದಿದವರಿಗೆ ಏನೂ ತಿಳಿಯದು.

‘ಸುಡು’ ಅಂತೂ ಬೇಡವೇ ಬೇಡ. ನಮ್ಮಲ್ಲಿ ಫೋಟೋ ತೆಗೆಯುವವರು ‘ಸ್ಕೈ ಬರ್ನ್ ಆಗಿದೆ’ ಅಂದರೆ ಆಕಾಶ ಪೂರ್ತಿ ಬಿಳಿಚಿಕೊಂಡು ಮೋಡದ ವಿವರ ಹೋಗಿದೆ ಎಂದರ್ಥ. ಡಾರ್ಕ್‌ರೂಮಿನ, ಅಂದರೆ ನೆಗೆಟಿವ್‌ನಿಂದ ಪ್ರಿಂಟ್ ಮಾಡುವ ಕತ್ತಲೆ ಕೋಣೆಯ, ಬರ್ನ್ ಇದಕ್ಕೆ ತದ್ವಿರುದ್ಧ. ನೆಗೆಟಿವ್ ಮೂಲಕ ಬೆಳಕು ಬೀಳಿಸಿ ಚಿತ್ರವನ್ನು ದೊಡ್ಡದಾಗಿಸುವ ಎನ್‌ಲಾರ್ಜರ್ ಕೆಳಗೆ, ಬೆಳಕು ಬಿದ್ದಷ್ಟೂ ಕಪ್ಪಾಗುವ ಕಾಗದಕ್ಕೆ ಇಡಿಯಾಗಿ 12 ಸೆಕೆಂಡು ಬೆಳಕು ಬಿತ್ತೆನ್ನಿ. ಆಮೇಲೆ ರಟ್ಟಿನಿಂದ ಬೆಟ್ಟವನ್ನು ಮುಚ್ಚಿ, ಆಕಾಶಕ್ಕೆ ಮಾತ್ರ ಇನ್ನೂ 10 ಸೆಕೆಂಡು ಕೊಟ್ಟರೆ ಅಷ್ಟು ಭಾಗ ಕಪ್ಪೇರುತ್ತದೆ. ರಟ್ಟನ್ನು ಕಾಗದದಿಂದ ಒಂದಿಷ್ಟು ಮೇಲೆ ಹಿಡಿದು ಆಡಿಸುತ್ತಲೇ ಇರಬೇಕು. ನಿಲ್ಲಿಸಿದರೆ ಅಂಚು ಗೆರೆಯಾಗಿ ಕೂರುತ್ತದೆ; ಬೆಟ್ಟದ ನೆತ್ತಿಗೆ ಸರಿಯಾಗಿ ಹೊಂದಿಸದಿದ್ದರೆ ಬಂಡೆಯ ಸುತ್ತ ಬಿಳಿ ಪ್ರಭಾವಳಿ ಉಳಿಯುತ್ತದೆ. ಡಾಡ್ಜ್ ಎಂದರೆ ಆ ಮೊದಲ 12 ಸೆಕೆಂಡಿನಲ್ಲೇ, ತಂತಿಗೆ ಅಂಟಿಸಿದ ರಟ್ಟಿನ ಬಿಲ್ಲೆಯಿಂದ ಬಂಡೆಯ ನೆರಳಿನ ಭಾಗಕ್ಕೆ ಮೂರು-ನಾಲ್ಕು ಸೆಕೆಂಡು ಮರೆ ಹಿಡಿಯುವುದು. ಅತಿಯಾದರೆ ಕಪ್ಪು ಸತ್ತು ಮಾಸಲು ಬೂದಿಯಾಗುತ್ತದೆ.

ಕಂಪ್ಯೂಟರಿನ ಫೋಟೋಶಾಪ್‌ನಲ್ಲಿ ಡಾಡ್ಜ್‌ಗೆ ಗುರುತಾಗಿ ಇರುವುದು ಆ ಬಿಲ್ಲೆಯ ಚಿತ್ರವೇ, ಬರ್ನ್‌ಗೆ ಬೆರಳು ಮಡಚಿದ ಕೈ. ಆದರೆ ಅಲ್ಲಿ ಬೆಳಕನ್ನು ಕೊಡುವುದೂ ಇಲ್ಲ, ತಡೆಯುವುದೂ ಇಲ್ಲ. ಹಾಗಾಗಿ ಬರ್ನ್‌ಗೆ ‘ಬೆಳಕುಣಿಸು’ ಎನ್ನೋಣ ಎಂಬ ಸಲಹೆಯೂ ನಿಲ್ಲದು; ತೆರೆಯ ಮೇಲೆ ಅದಕ್ಕೆ ಉಲ್ಟಾ ಅರ್ಥ ಬರುತ್ತದೆ. ಕೈಯ ಕೆಲಸ ಬಿಟ್ಟು ಫಲವನ್ನೇ ಹೇಳೋಣ: ಬರ್ನ್‌ಗೆ ‘ಕಪ್ಪೇರಿಸು’, ಡಾಡ್ಜ್‌ಗೆ ‘ತಿಳಿಯಾಗಿಸು’. ‘ಮರೆ ಹಿಡಿ’ ಡಾರ್ಕ್‌ರೂಮಿನ ಮಟ್ಟಿಗೆ ಇರಲಿ.

ಇನ್ನು ಮ್ಯಾನಿಪ್ಯುಲೇಷನ್, ಅಂದರೆ ತೆಗೆದ ಚಿತ್ರವನ್ನು ಆಮೇಲೆ ಕೈಯಾಡಿಸಿ ಬದಲಿಸುವುದು. ಕರಡಿನಲ್ಲಿ ‘ತಿರುಚಿದ ಚಿತ್ರ’ ಎಂದಿದೆ, ಇದು ಅನ್ಯಾಯ. ‘ತಿರುಚು’ ಎಂದೊಡನೆ ಕನ್ನಡದಲ್ಲಿ ಮೋಸದ ವಾಸನೆ ಬರುತ್ತದೆ. ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1941ರಲ್ಲಿ ಅಲ್ಲಿನ ಹರ್ನಾಂಡಿಸ್ ಊರಿನ ಚಂದ್ರೋದಯದ ಫೋಟೋ ತೆಗೆದರು. ಅದರ ಮೊದಲ ಪ್ರಿಂಟ್‌ಗಳಲ್ಲಿ ತಿಳಿಯಾಗಿದ್ದ ಆಕಾಶ, ದಶಕಗಳ ನಂತರದವುಗಳಲ್ಲಿ ಬಹುತೇಕ ಕಪ್ಪು. ನೆಗೆಟಿವ್ ಒಂದೇ, ಚಂದ್ರನೂ ಅಲ್ಲೇ ಇದ್ದಾನೆ. ಇದನ್ನು ‘ತಿದ್ದಿದ್ದು’ ಎನ್ನೋಣ. ಛಾಯಾಗ್ರಾಹಕ ರೈಲ್ಯಾಂಡರ್ 1857ರಲ್ಲಿ 30ಕ್ಕೂ ಹೆಚ್ಚು ನೆಗೆಟಿವ್‌ಗಳಿಂದ ಒಂದೇ ಚಿತ್ರ ಕಟ್ಟಿದರು; ಅದನ್ನು ‘ಬೆಸೆದದ್ದು’ ಎನ್ನೋಣ. ಇಲ್ಲದ ಮೋಡ ತಂದಿಟ್ಟು, ‘ಅಲ್ಲಿ ಕಂಡದ್ದೇ ಇದು’ ಎಂದು ಸುದ್ದಿಚಿತ್ರವಾಗಿ ಕೊಟ್ಟರೆ ಆಗ ‘ತಿರುಚು’ ಬಳಸಿ.

‘ತಿದ್ದು’ ಎಂದರೆ ತಪ್ಪಿತ್ತು ಎಂಬ ಧ್ವನಿ ಬರುತ್ತದಲ್ಲ ಎಂದು ಕೆಲವರ ತಕರಾರು. ಅಕ್ಷರ ತಿದ್ದುವಾಗ, ರಂಗೋಲಿ ತಿದ್ದುವಾಗ ಆ ಧ್ವನಿ ಇಲ್ಲ. ಅಂದಗಾಣಿಸುವ ಅರ್ಥವೇ ಇದೆ.

ಹಳೆಯ ಸ್ಟುಡಿಯೋಗಳಲ್ಲಿ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸುವುದಕ್ಕೆ ‘ಟಚಿಂಗ್’ ಎನ್ನುತ್ತಿದ್ದರು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಎನ್‌ಲಾರ್ಜರ್ ಕೆಲಸಕ್ಕೂ ಹೀಗೆ ಬಳಕೆಯ ಮಾತು ಇದ್ದರೆ ತಿಳಿಸಿ. ಅದು ‘ಕಪ್ಪೇರಿಸು’ಗಿಂತ ಚೆನ್ನಾಗಿದ್ದರೆ ಟಿಪ್ಪಣಿಗೆ ಅದನ್ನೇ ಹಾಕೋಣ.