19ನೇ ವಾರ, ಮೊದಲ ಸಲ ಫೀಟಲ್ ಮೆಡಿಸಿನ್ (ಹೊಟ್ಟೆಯಲ್ಲಿರೋ ಮಗುವನ್ನು ನೋಡುವ) ಡಾಕ್ಟರ್ ಹತ್ತಿರ ಸ್ಕ್ಯಾನ್. ಹೇಗಿರುತ್ತೆ?

ತಿಪಟೂರು ಸೊಸೆ:
ಮೊನ್ನೆ ನಮ್ಮೂರಲ್ಲೇ ಅನಾಮಲಿ ಸ್ಕ್ಯಾನ್, ಅಂದರೆ ಮಗುವಿನ ಅಂಗಾಂಗ ಸರಿ ಇದೆಯಾ ಅಂತ ನೋಡುವ ಸ್ಕ್ಯಾನ್ ಆಯಿತು. ಮಗು ಬೋರಲು ಮಲಗಿತ್ತಂತೆ, ಹೃದಯ ಸರಿಯಾಗಿ ಕಾಣಲಿಲ್ಲ. ಬೆಂಗಳೂರಿಗೆ ಚೀಟಿ ಬರೆದುಕೊಟ್ಟರು. ಗುರುವಾರ 10 ಗಂಟೆಗೆ ಬರಲು ಹೇಳಿದ್ದಾರೆ. ನಮ್ಮ ಮನೆಯವರು ಗೂಗಲ್ ನೋಡಿ ನೋಡಿ ನಿದ್ದೆ ಕೆಡಿಸಿಕೊಂಡಿದ್ದಾರೆ. ಅತ್ತೆ, "ಪದೇ ಪದೇ ಸ್ಕ್ಯಾನ್ ಮಾಡಿಸಿದರೆ ಮಗುವಿಗೆ ಶಾಖ ತಾಗುತ್ತೆ" ಅನ್ನುತ್ತಾರೆ. ನನ್ನ ಚಿಂತೆಯೇ ಬೇರೆ. ಹೊಟ್ಟೆ ತುಂಬಾ ನೀರು ಕುಡಿದು ಹೋಗಬೇಕಾ? ಬೆಳಗಿನ ರೈಲಿನಲ್ಲಿ ಅಷ್ಟು ಹೊತ್ತು ಹೇಗಪ್ಪಾ ತಡೆದುಕೊಳ್ಳೋದು?

ಎರಡು ಮಕ್ಕಳ ತಾಯಿ:
ನನ್ನ ಎರಡನೆಯದಕ್ಕೂ ಹೀಗೇ ಆಗಿತ್ತು. ಭಯ ಆಗಿದ್ದು ಸ್ಕ್ಯಾನಿಗಲ್ಲ, ಡಾಕ್ಟರ್ ಮೌನಕ್ಕೆ. ಹೊಟ್ಟೆ ಮೇಲೆ ತಣ್ಣನೆ ಜೆಲ್ ಹಾಕಿದವರು ಹತ್ತು ನಿಮಿಷ ತುಟಿ ಬಿಚ್ಚಲಿಲ್ಲ. ಪಕ್ಕದ ಹುಡುಗಿಗೆ ಬರೀ ಅಂಕಿ ಹೇಳುತ್ತಿದ್ದರು, ಅವಳು ಟೈಪ್ ಮಾಡುತ್ತಿದ್ದಳು. ನನಗೆ ಕೈಕಾಲು ತಣ್ಣಗಾಯಿತು. ಕೊನೆಗೆ ಕೇಳಿಯೇಬಿಟ್ಟೆ. "ಅಳತೆ ಮಾಡುವಾಗ ಮಾತಾಡಿದರೆ ಲೆಕ್ಕ ತಪ್ಪುತ್ತಮ್ಮ, ಆಮೇಲೆ ಎಲ್ಲ ತೋರಿಸ್ತೀನಿ" ಅಂದರು. ತೋರಿಸಿದರು ಕೂಡ. ಹೃದಯದ ನಾಲ್ಕು ಕೋಣೆ, ಎರಡು ಕಿಡ್ನಿ, ಮೇಲ್ತುಟಿ, ಮಣಿಸರದ ಹಾಗೆ ಸಾಲಾಗಿ ಬೆನ್ನುಮೂಳೆ.

ನಡುವೆ ಪರದೆ ಮೇಲೆ ಕೆಂಪು, ನೀಲಿ ಬಣ್ಣ ಬಂತು. ನಮ್ಮವರು ರಕ್ತ ಅಂದುಕೊಂಡು ಬೆವತುಹೋದರು! ಅದು ಡಾಪ್ಲರ್. ರಕ್ತ ಯಾವ ಕಡೆಗೆ ಹರಿಯುತ್ತಿದೆ ಅಂತ ತೋರಿಸುವ ಬಣ್ಣ, ಅಷ್ಟೇ.

ನಮ್ಮ ಮಗು ಮುಖಕ್ಕೆ ಕೈ ಅಡ್ಡ ಇಟ್ಟುಕೊಂಡಿತ್ತು. "ಹೋಗಿ ಏನಾದರೂ ತಿಂದು ಓಡಾಡಿ ಬನ್ನಿ" ಅಂದರು. ಎಳನೀರು ಕುಡಿದು ಮೆಟ್ಟಿಲ ಹತ್ತಿರ ಅರ್ಧ ಗಂಟೆ ತಿರುಗಿದೆ. ಬಂದರೂ ಕೈ ಅಲ್ಲೇ. ಎಡಮಗ್ಗುಲಿಗೆ ಮಲಗಿಸಿದ ಮೇಲೆ ತೆಗೆಯಿತು ಪುಣ್ಯಾತ್ಮ. ಹಾಗಾಗಿ ವಾಪಸ್ ರೈಲಿಗೆ ಮಧ್ಯಾಹ್ನದ ಟಿಕೆಟ್ ಮಾಡಿಸಬೇಡಿ.

ಕೌಂಟರ್ ಅಕ್ಕ:
ನಾನು ಸ್ಕ್ಯಾನಿಂಗ್ ಸೆಂಟರಿನ ಕೌಂಟರಿನಲ್ಲೇ ಕೂರೋದು. ಚೀಟಿ, ಆಧಾರ್, ತಾಯಿ ಕಾರ್ಡ್ ತನ್ನಿ. ಎಲ್ಲಕ್ಕಿಂತ ಮುಖ್ಯ, ಮೊದಲ ಸ್ಕ್ಯಾನಿನ ರಿಪೋರ್ಟ್. ವಾರದ ಲೆಕ್ಕ ಹಿಡಿಯೋದು ಅದರಿಂದಲೇ. ಅದನ್ನೇ ಮನೆಯಲ್ಲಿ ಬಿಟ್ಟು ಬರುವವರು ಜಾಸ್ತಿ.

ಫಾರ್ಮ್ ಎಫ್‌ಗೆ ಸಹಿ ಹಾಕಿಸುತ್ತಾರೆ. ಮಗು ಗಂಡೋ ಹೆಣ್ಣೋ ತಿಳಿಯುವುದು ಬೇಡ ಅಂತ ನೀವು ಬರೆದುಕೊಡುವುದು. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ. ಕೆಲವರು "ಪೇಡಾ ಕೊಡಬೇಕಾ, ಜಿಲೇಬಿನಾ" ಅಂತ ಸುತ್ತಿ ಬಳಸಿ ಕೇಳುತ್ತಾರೆ. ದಯವಿಟ್ಟು ಬೇಡ.

ನೀರಿನ ವಿಷಯ: ಐದು ತಿಂಗಳಿಗೆ ಸಾಮಾನ್ಯವಾಗಿ ಉಕ್ಕಿ ಬರೋ ಹಾಗೆ ತಡೆದುಕೊಳ್ಳುವುದು ಬೇಕಿಲ್ಲ. ಆದರೂ ನಿಮ್ಮ ಸೆಂಟರಿಗೆ ಒಂದು ಫೋನ್ ಮಾಡಿ. ಗರ್ಭಕೋಶದ ಬಾಯಿ ಅಳೆಯಲು ಕೆಲವೊಮ್ಮೆ ಒಳಗಿನಿಂದ ಸ್ಕ್ಯಾನ್ ಮಾಡುತ್ತಾರೆ. ಆಗ ಬಾತ್‌ರೂಮಿಗೆ ಹೋಗಿ ಬರಲು ಅವರೇ ಹೇಳುತ್ತಾರೆ. ಚೂಡಿದಾರ ಹಾಕಿಕೊಂಡು ಬನ್ನಿ, ಒಂದೇ ಉದ್ದದ ನೈಟಿ ಬೇಡ.

ಹಾಸನದ ಹುಡುಗಿ:
ಅತ್ತೆಗೆ ಹೇಳಿ, ಇದು ಎಕ್ಸ್‌ರೇ ಅಲ್ಲ, ಶಬ್ದದ ಅಲೆ. ಇನ್ನೊಂದು ಮಾತು. ಎಲ್ಲ ಸರಿ ಇದೆ ಅಂದರೂ ಸ್ಕ್ಯಾನಿಗೆ ಕಾಣದ ತೊಂದರೆಗಳೂ ಇರುತ್ತವೆ. ಏನಾದರೂ ಅನುಮಾನ ಬಂದರೆ ಫೀಟಲ್ ಎಕೋ (ಮಗುವಿನ ಹೃದಯವನ್ನಷ್ಟೇ ವಿವರವಾಗಿ ನೋಡುವ ಸ್ಕ್ಯಾನ್) ಅಥವಾ ಬೇರೆ ಪರೀಕ್ಷೆ ಬರೆಯಬಹುದು. ನನಗೆ ಎಕೋ ಬರೆದರು. ಗಾಬರಿಯಲ್ಲಿ ಅರ್ಧ ಕಿವಿಗೇ ಬೀಳಲಿಲ್ಲ. ಯಾಕೆ ಅಂತ ಡಾಕ್ಟರ ಕೈಲೇ ಚೀಟಿಯಲ್ಲಿ ಬರೆಸಿಕೊಳ್ಳಿ.

ತಿಪಟೂರು ಸೊಸೆ:
ಹೋಗಿ ಬಂದೆ! ಎರಡು ಸಲ ಆಚೆ ಕಳಿಸಿದರು, ಒಟ್ಟು ಎರಡೂವರೆ ಗಂಟೆ. ನಾಲ್ಕೂ ಕೋಣೆ ಕಂಡವು, ಸದ್ಯಕ್ಕೆ ಎಕೋ ಬೇಡ ಅಂದರು. ಮೊದಲ ರಿಪೋರ್ಟ್ ನಿಜಕ್ಕೂ ಮರೆತಿದ್ದೆ ಕಣ್ರೀ, ಮಾವ ಬೀರು ಹುಡುಕಿ ವಾಟ್ಸಾಪ್ ಮಾಡಿದರು. ಅತ್ತೆ ಈಗ ಸ್ಕ್ಯಾನಿನಲ್ಲಿರೋ ಪಾದ ನೋಡಿ, "ಥೇಟ್ ನಮ್ಮ ಕಡೆಯವರದೇ ಕಾಲು" ಅನ್ನುತ್ತಿದ್ದಾರೆ.