ಮನೇಲಿ ಜೋಡಿಸೋ ಮೊದಲ ಏರ್ ರೈಫಲ್: ನಳಿಗೆ 420 ಸಾಕಾ, 500 ಬೇಕಾ?

ಮದ್ದೂರ್‌ವಡೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮಗಳು ಫಸ್ಟ್ ಪಿಯುಸಿ, ಎನ್‌ಸಿಸಿಲಿದ್ದಾಳೆ, 10 ಮೀಟರ್ ಏರ್ ರೈಫಲ್ ಕಲಿಯೋ ಆಸೆ. ಎತ್ತರ 5 ಅಡಿ 2 ಇಂಚು, ತೆಳ್ಳಗಿದ್ದಾಳೆ. ಆ್ಯಕ್ಷನ್ (ಗುಂಡು ತುಂಬಿ ಹಾರಿಸೋ ಭಾಗ), ನಳಿಗೆ, ಟ್ರಿಗರ್, ಸಿಲಿಂಡರ್ ಸೇರಿದ ಸೆಟ್ಟನ್ನ ಬಿಲ್ ಸಮೇತ ಕಂಪನಿಯಿಂದ ತಗೊಂಡು, ಸ್ಟಾಕ್ (ಭುಜಕ್ಕೆ ಆನಿಸಿ ಹಿಡಿಯೋ ಮರದ ಭಾಗ) ಮಾತ್ರ ಅವಳ ಅಳತೆಗೆ ಮಂಡ್ಯದಲ್ಲೇ ಮರಗೆಲಸದವರ ಹತ್ರ ಮಾಡಿಸಿ ಮನೇಲಿ ಜೋಡಿಸೋ ಯೋಚನೆ. ನಳಿಗೆಯ ಒಳ ಅಳತೆ 4.5 ಮಿ.ಮೀ., ಪಿಸಿಪಿ (ಸಿಲಿಂಡರಲ್ಲಿ ಮೊದಲೇ ಗಾಳಿ ಒತ್ತಿ ತುಂಬಿಡೋ ಬಗೆ). ನಳಿಗೆ ಎರಡು ಅಳತೆಲಿ ಸಿಗುತ್ತೆ: 420 ಮಿ.ಮೀ. ಮತ್ತು 500 ಮಿ.ಮೀ.

ಉದ್ದ ಇದ್ದಷ್ಟೂ ಗುರಿ ಚೆನ್ನಾಗಿ ಕೂರುತ್ತೆ ಅಂತಾರೆ ಅಂಗಡಿಯವರು. ನಿಜಾನಾ? 500 ತಗೊಂಡು ಭಾರ ಆಯ್ತು ಅಂದ್ರೆ ಆಮೇಲೆ ಲೇತಲ್ಲಿ ಕತ್ತರಿಸಬಹುದಾ? ಸ್ಟಾಕಿಗೆ ಹಳೇ ಬೀಟೆ ತೊಲೆ ಮನೇಲೇ ಇದೆ.

ಹತ್ತೂವರೆ

420 ತಗೊಳ್ಳಿ ಸಾರ್. ಅಂಗಡಿಯವರು ಹೇಳಿದ್ದು ಮದ್ದಿನ ಬಂದೂಕಿಗೆ ಅಷ್ಟಿಷ್ಟು ಹೊಂದುತ್ತೆ, ಇದಕ್ಕಲ್ಲ. ಮದ್ದು ಉರಿದು ಗ್ಯಾಸ್ ಹಿಗ್ಗೋಕೆ ಅಲ್ಲಿ ಉದ್ದ ಬೇಕು. 10 ಮೀಟರ್ ಪಿಸಿಪಿಯಲ್ಲಿ ವೇಗ ನಿರ್ಧಾರ ಆಗೋದು ರೆಗ್ಯುಲೇಟರ್ (ಪ್ರತಿ ಗುಂಡಿಗೂ ಗಾಳಿ ಒತ್ತಡ ಒಂದೇ ಸಮ ಇಡೋ ಭಾಗ) ಒತ್ತಡ ಮತ್ತು ಗಾಳಿ ಬಿಡೋ ವಾಲ್ವ್ ತೆರೆಯೋ ಹ್ಯಾಮರ್ ಸ್ಪ್ರಿಂಗ್‌ನಿಂದ. 0.53 ಗ್ರಾಂ ಪೆಲೆಟ್ಟು (ಸೀಸದ ಸಣ್ಣ ಗುಂಡು) ಸೆಕೆಂಡಿಗೆ 170-175 ಮೀಟರ್ ಹೋದ್ರೆ ಮುಗೀತು, ಅಂದ್ರೆ ಶಕ್ತಿ ಲೆಕ್ಕದಲ್ಲಿ ಸುಮಾರು 8 ಜೂಲ್. ಉದ್ದ ನಳಿಗೇಲಿ ಅದೇ ವೇಗಕ್ಕೆ ಗಾಳಿ ಸ್ವಲ್ಪ ಕಮ್ಮಿ ಖರ್ಚಾಗಬಹುದು, ಅಷ್ಟೇ ಲಾಭ. ಒಲಿಂಪಿಕ್ಸ್ ಮಟ್ಟದ ಫೈನ್‌ವೆರ್ಕ್‌ಬೌ, ವಾಲ್ಥರ್ ರೈಫಲ್‌ಗಳ ನಳಿಗೆ ಕೂಡ 420ರ ಆಸುಪಾಸೇ.

ಹೆಚ್ಚು ವೇಗದಿಂದ ಏನೂ ಸಿಗಲ್ಲ. 10 ಮೀಟರ್ ಹೋಗೋಷ್ಟರಲ್ಲಿ ಪೆಲೆಟ್ ಸುಮಾರು 18 ಮಿ.ಮೀ. ಕೆಳಗೆ ಬೀಳುತ್ತೆ, ಅದನ್ನ ಸೈಟ್ (ಗುರಿ ನೋಡೋ ಸಾಧನ) ತಿರುಗಿಸಿ ಸರಿಮಾಡ್ತೀವಿ. ತೊಂದರೆ ಇರೋದು ಒಂದು ಗುಂಡಿಗೂ ಇನ್ನೊಂದಕ್ಕೂ ವೇಗ ಬದಲಾದಾಗ. ಸೆಕೆಂಡಿಗೆ 2 ಮೀಟರ್ ಏರುಪೇರಾದ್ರೆ ಪೆಲೆಟ್ 0.4 ಮಿ.ಮೀ. ಮೇಲೆ-ಕೆಳಗೆ ಹೋಗುತ್ತೆ. ಗುರಿ ಹಾಳೇಲಿ ರಿಂಗಿಂದ ರಿಂಗಿಗೆ 2.5 ಮಿ.ಮೀ., ದಶಮಾಂಶ ಲೆಕ್ಕದಲ್ಲಿ 0.1 ಅಂಕಕ್ಕೆ 0.25 ಮಿ.ಮೀ. ಅಲ್ಲಿಗೆ ಸುಮಾರು 0.15 ಅಂಕ ಕೈಬಿಟ್ಟ ಹಾಗೆ. ಇದು ರೆಗ್ಯುಲೇಟರ್ ಗುಣಮಟ್ಟದ ಪ್ರಶ್ನೆ, ನಳಿಗೆ ಉದ್ದದ್ದಲ್ಲ.

ಇನ್ನು ಭಾರ. 15 ಮಿ.ಮೀ. ದಪ್ಪದ ಉಕ್ಕಿನ ನಳಿಗೆ 80 ಮಿ.ಮೀ. ಜಾಸ್ತಿ ಆದ್ರೆ ಹೆಚ್ಚುಕಮ್ಮಿ 100 ಗ್ರಾಂ. ತಕ್ಕಡೀಲಿ ಅದು ಏನೂ ಅಲ್ಲ, ಆದ್ರೆ ಆ ತೂಕ ಇರೋದು ತುದೀಲಿ. ಎಡಗೈಯಿಂದ 60 ಸೆಂ.ಮೀ. ಮುಂದಿರೋ 100 ಗ್ರಾಂ, 20 ಸೆಂ.ಮೀ. ಮುಂದೆ 300 ಗ್ರಾಂ ನೇತುಹಾಕಿದಷ್ಟು ಕೆಳಗೆ ಎಳೆಯುತ್ತೆ. ಹೊಸಬರು ಬೆನ್ನು ಹಿಂದಕ್ಕೆ ವಾಲಿಸಿ ಅದನ್ನ ಸರಿದೂಗಿಸೋಕೆ ಹೋಗ್ತಾರೆ. ಬೆಳೆಯೋ ಮಕ್ಕಳ ಸೊಂಟಕ್ಕೆ ಅದು ಒಳ್ಳೇದಲ್ಲ.

ಲೇತ್‌ಗುರು

ಕತ್ತರಿಸೋ ಮಾತು ಬಿಡಿ. ನಳಿಗೆಯ ಬಾಯಿಯ ಒಳ ಅಂಚು ಸುತ್ತ ಒಂದೇ ಸಮ ಇರಬೇಕು. ಗರಗಸ ಹಾಕಿ ಎಮೆರಿ ಪೇಪರ್ ಉಜ್ಜಿದ್ರೆ ಒಂದು ಕಡೆ ಕೂದಲೆಳೆ ತಗ್ಗಾದ್ರೂ ಗಾಳಿ ಆ ಕಡೆಯಿಂದ ಮೊದಲು ನುಗ್ಗಿ ಪೆಲೆಟ್ಟಿನ ಬಾಲ ತಳ್ಳುತ್ತೆ, ಗುಂಡುಗಳು ಒಂದೇ ಕಡೆ ಬೀಳದೆ ಚೆದುರುತ್ತವೆ. ಎಷ್ಟೋ ಮ್ಯಾಚ್ (ಸ್ಪರ್ಧೆಯ) ನಳಿಗೆಗಳಲ್ಲಿ ಬಾಯಿ ಹತ್ರ ಕೊಂಚ ಬಿಗಿ ಇಟ್ಟಿರ್ತಾರೆ. ಕತ್ತರಿಸಿದ್ರೆ ಮೊದಲು ಹೋಗೋದೇ ಆ ಭಾಗ. ವಾರಂಟಿ ಹೋಗೋದು ಬೇರೆ.

ಕಾನೂನನ್ನೂ ಹೇಳಿಬಿಡ್ತೀನಿ, ಶೀರ್ಷಿಕೇಲಿ 'ಮನೇಲಿ ಜೋಡಿಸೋ' ಅಂತ ನೋಡಿ ಇನ್ಯಾರೋ ಬೇರೆ ಅರ್ಥ ಮಾಡ್ಕೋಬಾರದು. ಲೈಸೆನ್ಸ್ ಇಲ್ಲದೆ ಇಟ್ಕೋಬಹುದಾದ್ದು 4.5 ಮಿ.ಮೀ. ಮೀರದ, 20 ಜೂಲ್ ದಾಟದ ಏರ್ ರೈಫಲ್ ಮಾತ್ರ. 5.5 ಮಿ.ಮೀ. ಆದ್ರೆ ಲೈಸೆನ್ಸ್ ಬೇಕು. ಮದ್ದಿನ ಬಂದೂಕನ್ನ ಲೈಸೆನ್ಸ್ ಇಲ್ಲದೆ ಮನೇಲಿ ತಯಾರಿಸೋದು 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಅಪರಾಧ, 2019ರ ತಿದ್ದುಪಡಿ ಆದ್ಮೇಲೆ ಕನಿಷ್ಠ ಏಳು ವರ್ಷ ಜೈಲು. ಬಂದೂಕಿನ ನಳಿಗೆ ಮೊಟಕು ಮಾಡೋಕೂ ಅದೇ ಕಾಯ್ದೇಲಿ ತಡೆ ಇದೆ. ನೀವು ಮಾಡ್ತಿರೋದು ಮರದ ಕೆಲಸ, ಅದಕ್ಕೆ ಅಡ್ಡಿಯಿಲ್ಲ. ಖರೀದಿ ಬಿಲ್ ನಿಮ್ಮ ಹೆಸರಲ್ಲಿರಲಿ, ರೈಫಲ್ ಬೀರುವಿನಲ್ಲಿ, ಕೀಲಿ ನಿಮ್ಮ ಹತ್ರ.

ಹತ್ತೂವರೆ

ಒಂದು ಮಾತು ಬಿಟ್ಟೆ. ಗುರಿಯ ಮಟ್ಟಿಗೆ ಉದ್ದದಿಂದ ಲಾಭ ಇರೋದು ಒಂದೇ ಕಡೆ, ಮುಂದಿನ ಸೈಟಿಗೂ ಹಿಂದಿನ ಸೈಟಿಗೂ ಇರೋ ಅಂತರದಲ್ಲಿ. ಸೈಟ್ ಜೋಡಣೆ 0.1 ಮಿ.ಮೀ. ತಪ್ಪಿದ್ರೆ 65 ಸೆಂ.ಮೀ. ಅಂತರದಲ್ಲಿ ಗುರಿ ಸುಮಾರು 1.5 ಮಿ.ಮೀ. ಸರಿಯುತ್ತೆ, 80 ಸೆಂ.ಮೀ. ಆದ್ರೆ 1.25. ಅದಕ್ಕೇ ಮ್ಯಾಚ್ ರೈಫಲ್‌ಗಳಲ್ಲಿ ಚಿಕ್ಕ ನಳಿಗೆ ಮೇಲೆ ಹಗುರ ಅಲ್ಯೂಮಿನಿಯಂ ಕೊಳವೆ ಹಾಕಿ ಮುಂದಿನ ಸೈಟನ್ನ ಅದರ ತುದೀಲಿ ಕೂರಿಸ್ತಾರೆ. 420ಕ್ಕೆ ಅದೇ ಕಂಪನಿಯ ಕೊಳವೆ ಸಿಕ್ಕಿದ್ರೆ ಆಮೇಲೆ ತಗೊಳ್ಳಿ, ಲೇತಲ್ಲಿ ಮಾಡಿಸಬೇಡಿ. ಐಎಸ್‌ಎಸ್‌ಎಫ್ (ಅಂತಾರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ನಿಯಮದಂತೆ ಆ್ಯಕ್ಷನ್ ಹಿಂಬದಿಯಿಂದ ಕೊಳವೆ ತುದಿವರೆಗೆ 850 ಮಿ.ಮೀ. ದಾಟಬಾರದು. 500ರ ನಳಿಗೆ ಇದ್ರೆ ಹಗುರ ಕೊಳವೆಗೆ ಸಿಗಬೇಕಾದ ಉದ್ದವನ್ನ ಭಾರದ ಉಕ್ಕೇ ಮೊದಲೇ ತಿಂದುಬಿಟ್ಟಂಗೆ ಆಗುತ್ತೆ.

ಕೆತ್ತನೆ_ಮೈಸೂರು

ಬೀಟೆ ಬೇಡ ಅಣ್ಣ. ಆ ತೊಲೇಲಿ ಪೂಜೆ ಮಂಟಪ ಮಾಡಿಸಿ, ಚೆನ್ನಾಗಿರುತ್ತೆ. ಅದು ತೇಗಕ್ಕಿಂತ ಸಾಕಷ್ಟು ಭಾರ. ಹಳೇ ತೊಲೆ ಅಂದ್ರೆ ಮೊಳೆ ತೂತು, ಒಳಸೀಳು ಇದ್ದೇ ಇರುತ್ತೆ. ಸ್ಕ್ರೂ ಬಿಗಿಯೋ ಜಾಗದಲ್ಲಿ ಸೀಳು ಸಿಕ್ಕಿದ್ರೆ ಕೆಲಸ ಪೂರ್ತಿ ದಂಡ.

18 ಮಿ.ಮೀ. ಮೆರೈನ್ ಪ್ಲೈ ಮೂರು ಪದರ ಅಂಟಿಸಿ, 54 ಮಿ.ಮೀ. ಆಗುತ್ತೆ. ಮುಂಭಾಗದ ದಪ್ಪಕ್ಕೆ ಇರೋ ಮಿತಿ 60 ಮಿ.ಮೀ., ಅದರೊಳಗೇ ಬಂತು. ಪ್ಲೈ ಮಳೆಗಾಲದಲ್ಲಿ ತಿರುಚಿಕೊಳ್ಳಲ್ಲ. ಎಪಾಕ್ಸಿ ಹಚ್ಚಿ, ಉದ್ದಕ್ಕೂ ಕ್ಲ್ಯಾಂಪ್ ಬಿಗಿದು, ಒಂದು ದಿನ ಮುಟ್ಟಬೇಡಿ.

ಮೊದಲು ರಟ್ಟಿನಲ್ಲಿ ಅಚ್ಚು ಕತ್ತರಿಸಿ ಮಗಳ ಭುಜಕ್ಕಿಟ್ಟು ನೋಡಿ. ಟ್ರಿಗರ್‌ನಿಂದ ಬಟ್ ಪ್ಲೇಟ್‌ (ಭುಜಕ್ಕೆ ತಾಗೋ ಹಿಂಬದಿ ತಟ್ಟೆ) ವರೆಗಿನ ಅಂತರ ಆ ಎತ್ತರಕ್ಕೆ 30-31 ಸೆಂ.ಮೀ.ನಿಂದ ಶುರುಮಾಡಿ, ಬಟ್ ಪ್ಲೇಟ್ ಹಿಂದೆ-ಮುಂದೆ ಸರಿಯೋ ಹಂಗಿರಲಿ. ಕೆನ್ನೆ ಒತ್ತದೆ ಸುಮ್ಮನೆ ಇಟ್ಟಾಗ ಕಣ್ಣು ಹಿಂದಿನ ಸೈಟಿನ ತೂತಿಗೆ ನೇರ ಬರಬೇಕು. ಕತ್ತು ಬಗ್ಗಿಸಬೇಕಾಗಿ ಬಂದ್ರೆ ಕೆನ್ನೆ ಹಲಗೆ ತಗ್ಗಿದೆ ಅಂತ.

ಆ್ಯಕ್ಷನ್ ಕೂರೋ ಕಡೆ ಮರ ಪೂರ್ತಿ ತಾಗಬೇಕು, ಅಲ್ಲಾಡಿದ್ರೆ ತೆಳ್ಳಗೆ ಎಪಾಕ್ಸಿ ಹಾಸಿ, ಆ್ಯಕ್ಷನ್ನಿಗೆ ಮೇಣ ಸವರಿ ಕೂರಿಸಿ. ಮೇಣ ಮರೆತ್ರೆ ಎರಡೂ ಒಂದಾಗಿ ಹೋಗುತ್ತೆ. ನಳಿಗೆಗೂ ಸಿಲಿಂಡರ್‌ಗೂ ಮಾತ್ರ ಮರ ಎಲ್ಲೂ ತಾಗಬಾರದು. ಸಿಲಿಂಡರ್ ಒತ್ತಡ ಇಳಿದ ಹಾಗೆ ಒಂದು ಚೂರು ಕುಗ್ಗುತ್ತೆ, ಬಿಗಿಯಾಗಿ ಹಿಡಿದಿದ್ರೆ ಗುಂಡು ಬೀಳೋ ಜಾಗ ಸರಿಯುತ್ತಾ ಹೋಗುತ್ತೆ. ಪೋಸ್ಟ್ ಕಾರ್ಡ್ ಸಲೀಸಾಗಿ ಓಡಾಡೋ ಸಂದು ಸಾಕು.

ಒಟ್ಟು ತೂಕ 4 ಕೆ.ಜಿ. ಸುತ್ತಮುತ್ತ ನಿಲ್ಲಿಸಿ. ಮಿತಿ 5.5 ಕೆ.ಜಿ. ಇದೆ ಅಂತ ಅಲ್ಲಿವರೆಗೂ ತುಂಬಬೇಕಾಗಿಲ್ಲ, ಬೇಕಾದ್ರೆ ಆಮೇಲೆ ತೂಕದ ಬಿಲ್ಲೆ ಸೇರಿಸಬಹುದು.

ಮದ್ದೂರ್‌ವಡೆ

420 ಅಂತ ತೀರ್ಮಾನ ಆಯ್ತು. ಬೀಟೆ ಉಳೀತು, ಮನೆಯವರಿಗೆ ಖುಷಿ. ಅಭ್ಯಾಸಕ್ಕೆ ಜಾಗ? 30×40 ಸೈಟು. ಗಾಳಿನ ಇಲ್ಲೇ ವೆಲ್ಡಿಂಗ್ ಗ್ಯಾಸ್ ಕೊಡೋರ ಹತ್ರ ತುಂಬಿಸಬಹುದಾ?

ಲೇತ್‌ಗುರು

ವೆಲ್ಡಿಂಗ್‌ನೋರ ಹತ್ರ ಖಂಡಿತಾ ಬೇಡ. ಅವರ ಹತ್ರ ಇರೋದು ಆಮ್ಲಜನಕ. ಒಳಗಿನ ಗ್ರೀಸಿಗೆ ಒತ್ತಡದ ಆಮ್ಲಜನಕ ತಾಗಿದ್ರೆ ಸಿಲಿಂಡರ್ ಸಿಡಿಯುತ್ತೆ. 200 ಬಾರ್‌ವರೆಗೆ ಹೋಗೋ ಕೈಪಂಪು, ನೀರು ಹಿಡಿಯೋ ಫಿಲ್ಟರ್ ಜೊತೆಗೆ ತಗೊಳ್ಳಿ. ಸಿಲಿಂಡರ್ ಮೇಲಿನ ತಯಾರಿಕೆ ದಿನಾಂಕ ನೋಡಿ, ಹತ್ತು ವರ್ಷ ದಾಟಿದ್ದು ಸ್ಪರ್ಧೇಲಿ ಒಪ್ಪಲ್ಲ.

ಜಾಗಕ್ಕೆ 40 ಅಡಿ ಉದ್ದದ ಕಡೆ ಹಿಡೀರಿ, 10 ಮೀಟರ್ ಅಂದ್ರೆ 33 ಅಡಿ. ಮಹಡಿ ಆದ್ರೆ ಗುರಿ ಹಿಂದೆ ತಲೆ ಮೀರೋ ಗೋಡೆ ಇರಲೇಬೇಕು, ಪ್ಯಾರಪೆಟ್ ಸಾಲದು. ಗುರಿಯ ನಡುಭಾಗ ನೆಲದಿಂದ 1.4 ಮೀಟರ್. ಹಿಂದೆ 2 ಮಿ.ಮೀ. ಉಕ್ಕಿನ ತಗಡನ್ನ ಕೆಳಮುಖವಾಗಿ 45 ಡಿಗ್ರಿ ಓರೆ ಮಾಡಿ ಮರದ ಪೆಟ್ಟಿಗೇಲಿ ಕೂರಿಸಿ, ಕೆಳಗೆ ಹಳೇ ಬಟ್ಟೆ ತುಂಬಿ. ನೇರ ನಿಲ್ಲಿಸಿದ್ರೆ ಸೀಸದ ಚೂರು ವಾಪಸ್ ಬರುತ್ತೆ. ಹೊಡೆಯುವಾಗ ಆ ಕಡೆ ಬಾಗಿಲಿಗೆ ಒಳಗಿಂದ ಚಿಲಕ. ಮುಗಿದ ಮೇಲೆ ಸೋಪಲ್ಲಿ ಕೈ ತೊಳೆದೇ ತಿಂಡಿ ಮುಟ್ಟಬೇಕು.

ಹತ್ತೂವರೆ

500 ಬಿಟ್ಟಿದ್ದಕ್ಕೆ ಉಳಿದ ದುಡ್ಡಲ್ಲಿ 4.49, 4.50, 4.51 ಮಿ.ಮೀ. ತಲೆ ಅಳತೆಯ ಮ್ಯಾಚ್ ಪೆಲೆಟ್ ಒಂದೊಂದು ಡಬ್ಬ ತನ್ನಿ. ರೈಫಲ್ಲನ್ನ ಮರಳು ಚೀಲದ ಮೇಲಿಟ್ಟು ಒಂದೊಂದರಲ್ಲೂ ಹತ್ತು ಹತ್ತು ಹೊಡೆದು ನೋಡಿ. ಹತ್ತೂ ಸೇರಿ 6-7 ಮಿ.ಮೀ. ತೂತಾದ್ರೆ ಅದೇ ನಿಮ್ಮ ನಳಿಗೆಗೆ ಒಗ್ಗೋ ಪೆಲೆಟ್ಟು. ಮೂರೂ ಚೆದುರಿದ್ರೆ ಪೆಲೆಟ್ ಬೈಯೋ ಮುಂಚೆ ಸ್ಟಾಕ್ ಸ್ಕ್ರೂ ಬಿಗಿ ನೋಡಿ.