ಸಹಾಯ ಬೇಕು: ಆಸ್ತಿ ತೆರಿಗೆ ಬಿಲ್‌ನಲ್ಲಿ ಇಲ್ಲದ ರೂಮು ಸೇರಿದೆ, ಮೊದಲು ಕಟ್ಟಲೋ ಬೇಡವೋ?

ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಒಂದು ಹಳೇ ಮನೆ ಕೊಂಡೆವು. ನಮ್ಮ ಹೆಸರಿಗೆ ಬಂದ ಮೊದಲ ತೆರಿಗೆ ಬಿಲ್ ನೋಡಿ ತಲೆ ಕೆಟ್ಟುಹೋಗಿದೆ.

ದರ ಏರಿಸಿರಬೇಕು ಅಂದುಕೊಂಡೆ. ಇಲ್ಲ, ದರ ಹಿಂದಿನ ವರ್ಷದ್ದೇ. ಜಾಸ್ತಿಯಾಗಿರುವುದು ಅವರು ಮನೆಗೆ ಹಾಕಿದ ಮೌಲ್ಯ. ತೆರಿಗೆ ಲೆಕ್ಕ ನಾವು ಕೊಟ್ಟ ಬೆಲೆಯ ಮೇಲಲ್ಲ, ಈ ಮೌಲ್ಯದ ಮೇಲೆ ಅಂತ ನನಗೆ ಗೊತ್ತಾಗಿದ್ದೇ ಈಗ. ಬಿಲ್ಲಿನ ಹಿಂಬದಿಯ ಸಣ್ಣ ಅಕ್ಷರ ಓದಿದರೆ, ಮಹಡಿ ಮೇಲೆ ಒಂದು ರೂಮು ಇದೆ ಅಂತ ಸೇರಿಸಿದ್ದಾರೆ. ಅಲ್ಲಿರುವುದು ನೀರಿನ ಟ್ಯಾಂಕು, ಬಟ್ಟೆ ಒಣಗಿಸುವ ತಂತಿ, ಅಷ್ಟೇ! ಸಾಲದ್ದಕ್ಕೆ ನಾವೇ ವಾಸವಿರುವ ಮನೆಯನ್ನು ಬಾಡಿಗೆ ಮನೆ ಅಂತ ಬರೆದಿದ್ದಾರೆ.

ಟೇಪ್ ಹಿಡಿದು ಇಡೀ ಮನೆ ಅಳೆದೆ. ಮಂಜೂರಾದ ನಕ್ಷೆ, ಕ್ರಯಪತ್ರ, ಟೆರೇಸಿನ ಫೋಟೋ ಎಲ್ಲಾ ಜೋಡಿಸಿಟ್ಟಿದ್ದೇನೆ. ಕಚೇರಿಗೆ ಎರಡು ಸಲ ಹೋಗಿ ಬಂದೆ. ಒಬ್ಬರು "ಮೊದಲು ಕಟ್ಟಿ, ಆಮೇಲೆ ಅರ್ಜಿ ಕೊಡಿ" ಅಂದರು. ಪಕ್ಕದ ಕೌಂಟರಿನವರು "ಕಟ್ಟಿಬಿಟ್ಟರೆ ಒಪ್ಪಿಕೊಂಡ ಹಾಗೆ" ಅಂದರು. ಯಾರನ್ನು ನಂಬಲಿ?

ಕಟ್ಟದಿದ್ದರೆ ಬಡ್ಡಿ, ದಂಡ ಬೀಳುತ್ತೆ. ಆಕ್ಷೇಪಣೆ ಕೊಡುವ ಕೊನೇ ದಿನವೂ ಹತ್ತಿರ ಬಂದಿದೆ.

ಇಂಥದ್ದನ್ನು ಸರಿ ಮಾಡಿಸಿಕೊಂಡವರು ಹೇಳಿ: "ಆಕ್ಷೇಪಣೆ ಕಾಯ್ದಿರಿಸಿ ಕಟ್ಟುತ್ತಿದ್ದೇನೆ" ಅಂತ ಬರೆದುಕೊಟ್ಟು ಪೂರ್ತಿ ಕಟ್ಟಿದರೆ, ಆಮೇಲೆ ಹೆಚ್ಚುವರಿ ಹಣ ವಾಪಸ್ ಅಥವಾ ಮುಂದಿನ ಬಿಲ್ಲಿಗೆ ಜಮಾ ಆಯಿತಾ? ಅರ್ಜಿ ಜೊತೆ ಯಾವ ದಾಖಲೆ ಕೇಳಿದರು?